ದಾವಣಗೆರೆಯ ಭಾನುವಾರದ ಫೇಜ್ ಕ್ಲಾಸು: ನಾಲ್ಕು ವಾರ ಹೋಗಿ ಬಂದೆ

ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ ಓದಿದವರಿಗೆ ಫೇಜ್, ಅಂದರೆ ಬ್ಯಾಕ್ಟೀರಿಯಾಗೆ ಅಂಟುವ ವೈರಸ್, ಒಂದು ಚಿತ್ರ ಅಷ್ಟೇ. ಮೇಲೆ ತಲೆ, ಕೆಳಗೆ ಬಾಲ, ಸುತ್ತ ಕಾಲು. ಐದು ಅಂಕಕ್ಕೆ ಅದನ್ನು ಬಿಡಿಸಿ ಭಾಗ ಗುರುತಿಸಿದರೆ ಮುಗೀತು. ನಾನೂ ಹಾಗೇ ಪಾಸಾದವಳು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವಾಗ 'ಮೊಸಾಯಿಕ್ ಜೀನೋಮ್' ಅನ್ನೋ ಮಾತು ಬಂತು. ಜೀನೋಮ್ ಅಂದರೆ ಎಲ್ಲಾ ಜೀನ್‌ಗಳಿರೋ ಇಡೀ ಡಿಎನ್‌ಎ, ಅದು ಗೊತ್ತಿತ್ತು; ಮೊಸಾಯಿಕ್ ಯಾಕೆ ಅಂತ ಗೊತ್ತಾಗಲಿಲ್ಲ. ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಆಗ ಗೆಳತಿ ಈ ಕ್ಲಾಸಿನ ಬಗ್ಗೆ ಹೇಳಿದಳು. ವಿದ್ಯಾನಗರದಲ್ಲಿ ನಿವೃತ್ತ ಉಪನ್ಯಾಸಕಿಯೊಬ್ಬರು ತಮ್ಮ ಮನೆಯ ಮಹಡಿ ಮೇಲೆ ನಡೆಸುತ್ತಾರೆ. ನಾಲ್ಕು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದು, ಒಟ್ಟು 800 ರೂಪಾಯಿ. ಹರಿಹರದಿಂದ ಬಸ್ಸಿನಲ್ಲಿ ಓಡಾಡಿದೆ.

ಮೊದಲ ವಾರ ಇತಿಹಾಸ. ಫೇಜ್ ಪತ್ತೆಯಾದ ಕಥೆ: 1915ರಲ್ಲಿ ಟ್ವಾರ್ಟ್, 1917ರಲ್ಲಿ ಡಿ'ಹೆರೆಲ್. ಇದನ್ನು ಸ್ವಲ್ಪ ಎಳೆದರು ಅನ್ನಿಸಿತು.

ಎರಡನೇ ವಾರಕ್ಕಾಗಿಯೇ 800 ರೂಪಾಯಿ ಕೊಡಬಹುದು. ಮೇಡಂ ಟೇಬಲ್ ಮೇಲೆ ಒಂದು ಹಳೇ ಕೌದಿ ಹಾಸಿದರು. ಅವರಮ್ಮ ಹೊಲಿದದ್ದಂತೆ. ಇಳಕಲ್ ಸೀರೆಯ ತುಂಡು, ಪಂಚೆಯ ಅಂಚು, ಯಾರದ್ದೋ ಲಂಗದ ಹೂವಿನ ಬಟ್ಟೆ. "ಈ ಕೌದಿ ಯಾವ ಸೀರೆಯಿಂದ ಬಂತು, ಹೇಳ್ರಿ ನೋಡೋಣ" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಕಾಗದದ ಪಟ್ಟಿ ಕತ್ತರಿಸೋ ಕೆಲಸ. ಡಿಎನ್‌ಎಯ ಸಾವಿರ ಅಕ್ಷರಕ್ಕೆ ಒಂದು ಸೆಂಟಿಮೀಟರ್ ಲೆಕ್ಕ. ಲ್ಯಾಂಬ್ಡಾ ಫೇಜಿನ ಜೀನೋಮ್ 48,502 ಅಕ್ಷರ, ಅಂದರೆ ನಲವತ್ತೆಂಟೂವರೆ ಸೆಂಟಿಮೀಟರ್. ಪಿ22 ಅನ್ನೋ ಇನ್ನೊಂದು ಫೇಜಿನದ್ದು ಸುಮಾರು ನಲವತ್ತೊಂದೂ ಮುಕ್ಕಾಲು. ಮೊದಲನೆಯದು ಇ. ಕೋಲೈ ಬ್ಯಾಕ್ಟೀರಿಯಾಗೆ ಅಂಟುತ್ತದೆ, ಎರಡನೆಯದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗೆ. ತಲೆ ಕಟ್ಟುವ ಜೀನ್‌ಗಳಿಗೆ ಒಂದು ಬಣ್ಣ, ಬಾಲಕ್ಕೆ ಒಂದು, ನಿಯಂತ್ರಣಕ್ಕೆ ಒಂದು, ಕೋಶ ಒಡೆಯುವುದಕ್ಕೆ ಒಂದು. ಎರಡೂ ಪಟ್ಟಿ ಒಂದರ ಕೆಳಗೊಂದು ಇಟ್ಟಾಗ ಬಣ್ಣಗಳ ಸಾಲು ಹೆಚ್ಚುಕಡಿಮೆ ಒಂದೇ! ಆದರೆ ಒಳಗಿನ ಅಕ್ಷರ ಹೋಲಿಸಿದರೆ ಕಥೆಯೇ ಬೇರೆ. ನಿಯಂತ್ರಣದ ಭಾಗದಲ್ಲಿ ಕೆಲವು ತುಂಡು ಚೆನ್ನಾಗಿ ಹೊಂದುತ್ತವೆ, ತಲೆಯ ಭಾಗದಲ್ಲಿ ಹೊಂದುವುದೇ ಇಲ್ಲ. ಬಾಲವಂತೂ ಲ್ಯಾಂಬ್ಡಾದ್ದು ಉದ್ದ, ಪಿ22ರದ್ದು ಗಿಡ್ಡ. ಅಂದರೆ ಒಂದೇ ಫೇಜಿನೊಳಗೆ ಒಂದೊಂದು ತುಂಡಿಗೂ ಒಂದೊಂದು ವಂಶ, ಆ ಕೌದಿಯ ಹಾಗೆ. ಮೊಸಾಯಿಕ್ ಅಂದರೆ ಇದೇ. ಇವೆರಡರ ಮಿಶ್ರ ಫೇಜನ್ನು 1974ರಲ್ಲೇ ಬೋಟ್‌ಸ್ಟೈನ್ ಮತ್ತು ಹರ್ಸ್ಕೋವಿಟ್ಜ್ ಲ್ಯಾಬಿನಲ್ಲಿ ಮಾಡಿ ತೋರಿಸಿದ್ದರು, 1980ರಲ್ಲಿ ಬೋಟ್‌ಸ್ಟೈನ್ ಈ ತುಂಡು-ತುಂಡಿನ ವಿಕಾಸವನ್ನೇ ಒಂದು ಸಿದ್ಧಾಂತವಾಗಿ ಮುಂದಿಟ್ಟರು.

ನಾನು ಕೇಳಿದೆ, "ಮೇಡಂ, ಜೀನಿನ ಅಂಚಿಗೇ ಸರಿಯಾಗಿ ಕತ್ತರಿಸಬೇಕು ಅಂತ ಫೇಜಿಗೆ ಹೇಗೆ ಗೊತ್ತು?" ಫೇಜಿಗೆ ಗೊತ್ತೇ ಇರೋದಿಲ್ಲ ಅಂದರು. ಒಂದು ಬ್ಯಾಕ್ಟೀರಿಯಾದೊಳಗೆ ಮೊದಲೇ ಒಂದು ಫೇಜ್ ತನ್ನ ಡಿಎನ್‌ಎ ಸೇರಿಸಿ ಸುಮ್ಮನೆ ಕೂತಿರುತ್ತದೆ, ಹೊರಗಿನಿಂದ ಇನ್ನೊಂದು ಬರುತ್ತದೆ, ಎರಡರ ಡಿಎನ್‌ಎ ಎಲ್ಲೆಂದರಲ್ಲಿ ತುಂಡಾಗಿ ಅದಲುಬದಲಾಗಬಹುದು, ಅದರಲ್ಲಿ ಬಹುಪಾಲು ಕೆಲಸಕ್ಕೆ ಬಾರದೆ ಅಲ್ಲೇ ಸಾಯುತ್ತವೆ. ಜೀನಿನ ನಡುವೆ ಕತ್ತರಿ ಬಿದ್ದರೆ ಪ್ರೋಟೀನ್ ಕೆಡುತ್ತದೆ, ಅಲ್ವಾ? ಅಂಚಿಗೆ ಬಿದ್ದದ್ದು ಬದುಕುತ್ತದೆ. ನಮಗೆ ಕಾಣೋದು ಬದುಕಿ ಉಳಿದ ಹೊಲಿಗೆ ಮಾತ್ರ. ಮೂರು ವರ್ಷ ಕಾಲೇಜಿನಲ್ಲಿ ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಮೂರನೇ ವಾರವೂ ಚೆನ್ನಾಗಿತ್ತು. ಬ್ಯಾಕ್ಟೀರಿಯಾದ ಜೀನನ್ನೇ ಫೇಜ್ ಹೊತ್ತು ಇನ್ನೊಂದು ಬ್ಯಾಕ್ಟೀರಿಯಾಗೆ ಸಾಗಿಸುತ್ತದೆ ಅಂತ ಜಿಂಡರ್ ಮತ್ತು ಲೆಡರ್‌ಬರ್ಗ್ 1952ರಲ್ಲಿ ತೋರಿಸಿದ್ದು ಇದೇ ಪಿ22ರಿಂದ. ಕಾಲರಾ ವಿಷದ ಜೀನ್ ಇರೋದು ಒಂದು ಫೇಜಿನಲ್ಲಿ ಅಂತ ಗೊತ್ತಾದದ್ದು 1996ರಲ್ಲಿ. ಇದು ಕೇಳಿದಾಗ ಕೋಣೆಯಲ್ಲಿ ಎಲ್ಲರೂ ಪೆನ್ನು ಕೆಳಗಿಟ್ಟರು.

ಕೊರತೆಯೂ ಹೇಳಲೇಬೇಕು. ಕೊಟ್ಟ ನೋಟ್ಸ್ ಹಳೆಯದು. ಬಾಲ ನೋಡಿ ಫೇಜ್‌ಗಳನ್ನು ಮಯೋ, ಸೈಫೋ, ಪೋಡೋ ಅಂತ ಮೂರು ಕುಟುಂಬ ಮಾಡಿದ ಪದ್ಧತಿಯೇ ಅದರಲ್ಲಿದೆ. ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿ 2022ರಲ್ಲಿ ಆ ಮೂರನ್ನೂ ಕೈಬಿಟ್ಟಿತು. ಬಾಲ ಒಂದೇ ಥರ ಇದ್ದರೂ ಜೀನೋಮ್ ಬೇರೆ ಬೇರೆ ಇರುತ್ತದೆ ಅನ್ನೋದೇ ಕಾರಣ. ಕೌದಿ ಹಾಸಿ ಪಾಠ ಮಾಡಿದವರ ನೋಟ್ಸಿನಲ್ಲೇ ಇದು ಉಳಿದದ್ದು ನನಗೆ ಬೇಜಾರಾಯಿತು. ತೋರಿಸಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಮುಂದಿನ ವಾರ ತಿದ್ದಿದ ಹಾಳೆ ಕೊಟ್ಟರು. ನಾಲ್ಕನೇ ವಾರ ಕಂಪ್ಯೂಟರಿನಲ್ಲಿ ಜೀನೋಮ್ ಹೋಲಿಸೋದು, ಹನ್ನೆರಡು ಜನಕ್ಕೆ ಒಂದೇ ಲ್ಯಾಪ್‌ಟಾಪ್. ಹೋಗುವವರು ನಿಮ್ಮದೇ ಒಯ್ಯಿರಿ, ಜೀನೋಮ್‌ಗಳನ್ನು ಇಟ್ಟಿರೋ ಎನ್‌ಸಿಬಿಐ ವೆಬ್‌ಸೈಟಿನಲ್ಲಿ ಎಲ್ಲಾ ಉಚಿತ.

ಐದಕ್ಕೆ ನಾಲ್ಕು ಕೊಡ್ತೀನಿ. ಬರೀ ಅಂಕಕ್ಕೆ ಓದುವವರಿಗೆ ನಿಧಾನ ಅನ್ನಿಸಬಹುದು, ಅವರು ಹೋಗೋದು ಬೇಡ. ಮುಗಿದ ಮೇಲೆ ಕೆಳಗೆ ಬೀದಿ ತುದಿಯ ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ತಿಂತಾ ನಾವು ನಾಲ್ಕು ಜನ ಅರ್ಧ ಗಂಟೆ ಬಾಲದ ಜೀನ್ ಬಗ್ಗೆನೇ ಮಾತಾಡಿದ್ದೇವೆ. ಎರಡೂ ಪಟ್ಟಿ ಈಗ ನನ್ನ ಓದೋ ಟೇಬಲ್ ಎದುರಿನ ಗೋಡೆ ಮೇಲಿವೆ. ಕೆಳಗೆ ಮೂರನೆಯದು, ಎಚ್‌ಕೆ97 ಅನ್ನೋ ಫೇಜಿನದ್ದು, ಸುಮಾರು 39.7 ಸೆಂಟಿಮೀಟರ್. ತಲೆಯ ಬಣ್ಣ ಮುಗಿಯಿತು, ಬಾಲಕ್ಕೆ ಬಂದಿದ್ದೇನೆ.