ಬೆಟ್ಟದ ಮೆಟ್ಟಿಲು, ಕೆರೆ ಏರಿ, ಈಜುಕೊಳ, ಮನೆ ಗೋಡೆ: ನನ್ನ ಹೃದಯಕ್ಕೆ ಯಾವುದು ಒಗ್ಗಿತು?

ನನಗೀಗ 47. ಕಳೆದ ವರ್ಷ ಮೇಲಿನ ಬಿಪಿ 138 ಬಂತು. ಡಾಕ್ಟರು ಮಾತ್ರೆ ಬರೆಯದೆ, ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ ಎಂದರು. ಯಾವ ವ್ಯಾಯಾಮ ಎಂದು ಹೇಳಲಿಲ್ಲ. ಮೈಸೂರಿನಲ್ಲಿ ಕೈಗೆ ಸಿಗುವ ನಾಲ್ಕನ್ನು ಆರಿಸಿಕೊಂಡು, ಪ್ರತಿ ಸಲವೂ ನಾಡಿ, ಬಿಪಿ ಬರೆದಿಡುತ್ತಾ ಹೋದೆ.

ಮೊದಲು ಚಾಮುಂಡಿ ಬೆಟ್ಟ. ದೊಡ್ಡ ದೇವರಾಜ ಒಡೆಯರ ಕಾಲದ ಆ ಸಾವಿರದಷ್ಟು ಮೆಟ್ಟಿಲುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹತ್ತಿದರೆ ನಂದಿ. ಅಲ್ಲಿಗೆ ತಲುಪುವಾಗ ನಾಡಿ ಅಳೆಯುವ ಎದೆಪಟ್ಟಿ ತೋರಿಸಿದ್ದು 162. ವಯಸ್ಸನ್ನು 220ರಿಂದ ಕಳೆಯುವ ಅಂದಾಜು ಲೆಕ್ಕದಲ್ಲಿ ನನ್ನ ಗರಿಷ್ಠ ನಾಡಿಯೇ 173. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಕಠಿಣ ಶ್ರಮದಲ್ಲಿ ಆರೋಗ್ಯವಂತರಲ್ಲಿ ಇದು 20 ಲೀಟರ್ ಮುಟ್ಟಬಹುದು. ಇಡೀ ಮೈಭಾರವನ್ನು ತೊಡೆ, ಮೀನಖಂಡಗಳೇ ಎತ್ತಬೇಕಾದ್ದರಿಂದ ಮೆಟ್ಟಿಲು ಅಷ್ಟನ್ನು ಬೇಡುತ್ತದೆ.

ಮೊದಲ ದಿನ ನಂದಿಯ ಹತ್ತಿರ ಗಕ್ಕನೆ ನಿಂತೆ, ಕಣ್ಣು ಕತ್ತಲಿಟ್ಟಿತು. ಕಾಲಿನ ಸ್ನಾಯುಗಳು ನಡೆಯುವಾಗ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ನಿಂತ ತಕ್ಷಣ ಆ ಹಿಂಡುವಿಕೆ ನಿಂತು, ಹಿಗ್ಗಿದ ನಾಳಗಳಲ್ಲಿ ರಕ್ತ ಕೆಳಗೇ ಉಳಿಯುತ್ತದೆ. ಮುಂದಿನ ವಾರದಿಂದ ನಿಲ್ಲದೆ ನಂದಿಗೆ ನಿಧಾನವಾಗಿ ಮೂರು ಪ್ರದಕ್ಷಿಣೆ ಹಾಕತೊಡಗಿದೆ. ಆಮೇಲೆ ಒಂದು ಸಲವೂ ತಲೆ ಸುತ್ತಲಿಲ್ಲ. ನನಗೆ ನಿಜಕ್ಕೂ ಬೆಲೆಯುಳ್ಳದ್ದು ಅನ್ನಿಸಿದ ಅಂಕಿಯೂ ಅಲ್ಲೇ ಸಿಕ್ಕಿತು: ಹತ್ತಿ ಮುಗಿದ ಮೇಲಿನ ಮೊದಲ ನಿಮಿಷದಲ್ಲಿ ನಾಡಿ ಎಷ್ಟು ಇಳಿಯುತ್ತದೆ ಎಂಬುದು. ಮೊದಲ ವಾರ 18 ಇಳಿಯಿತು, ಹತ್ತನೇ ವಾರ 30. (ಎದೆನೋವು, ವಿಪರೀತ ಏದುಸಿರು ಇರುವವರು ಡಾಕ್ಟರನ್ನು ಕೇಳದೆ ಈ ಮೆಟ್ಟಿಲುಗಳ ಸಾಹಸಕ್ಕೆ ಖಂಡಿತ ಹೋಗಬೇಡಿ.)

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬಿರುಸಿನ ನಡಿಗೆಯಲ್ಲಿ ನಾಡಿ 115ರ ಆಸುಪಾಸು. ಇದು ಸಾಲದು ಎಂದು ಮೊದಲು ಅಂದುಕೊಂಡಿದ್ದೆ. ಆದರೆ ನಮ್ಮಂಥ ಸಾಮಾನ್ಯರಲ್ಲಿ ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತದ ಪ್ರಮಾಣ, ಶಕ್ತಿಯ ಅರ್ಧದಷ್ಟು ಶ್ರಮಕ್ಕೇ ಬಹುಪಾಲು ಏರಿಬಿಟ್ಟಿರುತ್ತದೆ. ಅದರಾಚೆ ಹೆಚ್ಚುವುದು ಮುಖ್ಯವಾಗಿ ಬಡಿತದ ವೇಗ. ಅಂದಮೇಲೆ ಕೆರೆ ಸುತ್ತುವವನ ಹೃದಯಕ್ಕೂ ಒಳ್ಳೆಯ ಕೆಲಸವೇ ಸಿಗುತ್ತದೆ, ಅದೂ 50 ನಿಮಿಷ. ಏಪ್ರಿಲ್‌ನಲ್ಲಿ ಒಂದು ದಿನ ಬಿಸಿಲೇರಿದ ಮೇಲೆ ಹೋದೆ. ಅದೇ ವೇಗ, ನಾಡಿ 128. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿದು, ಬೆವರಿನಲ್ಲಿ ನೀರೂ ಹೋದಾಗ ಹೃದಯ ಬಡಿತ ಹೆಚ್ಚಿಸಿಯೇ ಸರಿದೂಗಿಸಬೇಕು.

ಈಜುಕೊಳದಲ್ಲಿ ಕತ್ತಿನ ಬಳಿ ಬೆರಳಿಟ್ಟು ಎಣಿಸಿದೆ: 15 ಸೆಕೆಂಡಿಗೆ 35, ಅಂದರೆ 140. ಮೆಟ್ಟಿಲಿನಷ್ಟೇ ದಣಿವಾಗಿದ್ದರೂ ನಾಡಿ ಕಡಿಮೆ. ಮೈ ಅಡ್ಡಲಾಗಿ ಚಾಚಿರುತ್ತದೆ, ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯತ್ತ ತಳ್ಳುತ್ತದೆ. ಹೃದಯ ಚೆನ್ನಾಗಿ ತುಂಬಿಕೊಳ್ಳುವುದರಿಂದ ಕಡಿಮೆ ಬಡಿತದಲ್ಲೇ ಕೆಲಸ ಸಾಗುತ್ತದೆ. ಮಂಡಿಗೆ ಇದರಷ್ಟು ಹಿತವಾದದ್ದು ಬೇರೆ ಕಾಣಲಿಲ್ಲ. ನಾನು ಹೋಗುತ್ತಿದ್ದ ಕೊಳ ಮಾತ್ರ ಪದೇಪದೇ ಮುಚ್ಚಿರುತ್ತಿತ್ತು.

ಕೊನೆಯದು ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತಂತೆ ಎರಡು ನಿಮಿಷ ಕೂರುವುದು. ತೋಳು ಸಡಿಲ ಬಿಟ್ಟು ಅದೇ ಭಂಗಿಯಲ್ಲಿ ಬಿಪಿ ನೋಡಿದೆ. ನಾಡಿ ಬರೀ 104, ಬಿಪಿ 166/102! ಬೆಟ್ಟದಲ್ಲಿ ನಿಂತ ಕೂಡಲೇ ನೋಡಿದಾಗ ಮೇಲಿನದು 170 ಇದ್ದರೂ ಕೆಳಗಿನದು 78 ದಾಟಿರಲಿಲ್ಲ. ನಡೆಯುವಾಗ, ಹತ್ತುವಾಗ ಸ್ನಾಯುಗಳ ನಾಳಗಳು ಹಿಗ್ಗಿ ರಕ್ತಕ್ಕೆ ದಾರಿ ಬಿಡುತ್ತವೆ. ಬಿಗಿಹಿಡಿದು ಕೂತಾಗ ಸ್ನಾಯುವೇ ತನ್ನೊಳಗಿನ ನಾಳಗಳನ್ನು ಅದುಮಿ ಹಿಡಿಯುವುದರಿಂದ ಎರಡೂ ಅಂಕಿಗಳು ಏರುತ್ತವೆ. ಉಸಿರು ಕಟ್ಟಿದರೆ ಇನ್ನೂ ಹೆಚ್ಚು. ಆದರೂ ಇಂಥ ವ್ಯಾಯಾಮವನ್ನು ವಾರಗಟ್ಟಲೆ ಕ್ರಮವಾಗಿ ಮಾಡಿದವರಲ್ಲಿ ವಿಶ್ರಾಂತಿಯ ಬಿಪಿ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಹಾಗಾಗಿ ಬಿಡಲಿಲ್ಲ, ಡಾಕ್ಟರನ್ನು ಕೇಳಿ, ಬಾಯಿಬಿಟ್ಟು ಉಸಿರಾಡುತ್ತಾ ಮಾಡುತ್ತೇನೆ.

ಈಗ ನನ್ನ ವಾರದಲ್ಲಿ ನಾಲ್ಕು ದಿನ ಕೆರೆ, ಭಾನುವಾರ ಬೆಟ್ಟ. ಬೆಳಿಗ್ಗೆ ಎದ್ದಾಗಿನ ನಾಡಿ 76ರಿಂದ 67ಕ್ಕೆ ಬಂದಿದೆ, ಬಿಪಿ 128ಕ್ಕೆ. ಒಂದನ್ನೇ ಆರಿಸು ಎಂದರೆ ನಾನು ಕೆರೆಯನ್ನೇ ಆರಿಸುತ್ತೇನೆ, ಏಕೆಂದರೆ ಮರುದಿನವೂ ಹೋಗಬೇಕೆನ್ನಿಸುವುದು ಅದೊಂದೇ.

ಅಕ್ಕನೂ ಈಗ ಜೊತೆಗೆ ಬರುತ್ತಾಳೆ. ಅವಳು ತೆಗೆದುಕೊಳ್ಳುವುದು ಬೀಟಾ ಬ್ಲಾಕರ್ ಮಾತ್ರೆ, ಅದು ನಾಡಿಯನ್ನು ಹೆಚ್ಚು ಏರಲು ಬಿಡುವುದಿಲ್ಲ. ಹಾಗಾಗಿ ನನ್ನ ಅಂಕಿಗಳ ಲೆಕ್ಕ ಅವಳಿಗೆ ಹೊಂದುವುದಿಲ್ಲ. ಮಾತಾಡುತ್ತಾ ನಡೆಯುತ್ತೇವೆ, ಅವಳ ಮಾತು ನಡುವೆ ತುಂಡಾಗತೊಡಗಿದರೆ ಇಬ್ಬರೂ ಹೆಜ್ಜೆ ನಿಧಾನ ಮಾಡುತ್ತೇವೆ.