ಪ್ಯಾನೆಲ್ ತೊಳೆಯಲು ಬರುವ ಹೆಂಗಸರು: ಒಂದು ವರ್ಷ ನೋಡಿದ ಮೇಲೆ

ನಮ್ಮ ಮನೆ ದಾವಣಗೆರೆಯ ಹಳೇ ಊರಿನ ಕಡೆ. ಮಂಡಕ್ಕಿ ಭಟ್ಟಿಗಳು ಅಷ್ಟೇನೂ ದೂರ ಇಲ್ಲ. ಗಾಳಿ ಈ ಕಡೆ ತಿರುಗಿದ ದಿನ ತಾರಸಿ ಮೇಲೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣಕ್ಕೆ ಬಂದಿರುತ್ತದೆ. ಇಷ್ಟು ಗೊತ್ತಿದ್ದೂ ಅದೇ ತಾರಸಿ ಮೇಲೆ ಆರು ಸೋಲಾರ್ ಪ್ಯಾನೆಲ್ ಹಾಕಿಸಿದೆವು. ಅದರ ಮೇಲೂ ಮಸಿ ಕೂರುತ್ತದೆ ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ.

ಹಾಕಿಸಿದ್ದು ಪಿಎಂ ಸೂರ್ಯಘರ್ ಯೋಜನೆಯಲ್ಲಿ, 3 ಕಿಲೋವ್ಯಾಟ್. 2024ರ ಫೆಬ್ರುವರಿಯಲ್ಲಿ ಶುರುವಾದ ಯೋಜನೆ ಇದು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಸಬ್ಸಿಡಿ ಬಂತು, ಸುಳ್ಳು ಹೇಳಬಾರದು. ಆದರೆ ಪ್ಯಾನೆಲ್ ಹಾಕಿದ ಏಜೆನ್ಸಿಯವರು, ಹೆಸರು ಬೇಡ ಬಿಡಿ, ಹಣ ಪೂರ್ತಿ ಕೈ ಸೇರುವ ತನಕ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದವರು ಆಮೇಲೆ ನಾವು ಮಾಡಿದರೂ ಎತ್ತಲಿಲ್ಲ. ಮೊದಮೊದಲು ದಿನಕ್ಕೆ 12 ಯೂನಿಟ್ ಬರುತ್ತಿತ್ತು. ಫೆಬ್ರುವರಿ ಹೊತ್ತಿಗೆ 9ಕ್ಕೆ ಇಳಿಯಿತು. ಮೋಡ ಇಲ್ಲ, ಮಳೆ ಇಲ್ಲ, ಸುಡುವ ಬಿಸಿಲು, ಆದರೂ 9. ನಮ್ಮ ಮನೆಯವರು ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪೈಪ್ ಹಿಡಿದು, ಪಾತ್ರೆ ತಿಕ್ಕುವ ಸೋಪು ಹಾಕಿ, ಬೋರ್ ನೀರಲ್ಲಿ ಪ್ಯಾನೆಲ್ ಉಜ್ಜಿ ಬಂದರು. ಮಾರನೆ ದಿನ ನೋಡಿದರೆ ಗಾಜಿನ ತುಂಬಾ ಬಿಳಿ ಬಿಳಿ ಕಲೆ.

ಆಗ ಹಿಟ್ಟಿನ ಗಿರಣಿಯಲ್ಲಿ ಒಬ್ಬರು ಈ ಹೆಂಗಸರ ನಂಬರ್ ಕೊಟ್ಟರು.

ಐದು ಜನ ಇದ್ದಾರೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಎರಡು ಸ್ಕೂಟಿ, ಒಂದು ಏಣಿ, ಉದ್ದ ಹಿಡಿಯ ಮೆತ್ತನೆ ಬ್ರಷ್, ನೀರಿನ ಕ್ಯಾನ್. ಸ್ತ್ರೀಶಕ್ತಿ ಸಂಘದಲ್ಲಿ ವಾರವಾರ ಉಳಿತಾಯ ಮಾಡುತ್ತಿದ್ದವರು ಸಂಘದ ಸಾಲದಲ್ಲೇ ಇದನ್ನೆಲ್ಲ ಕೊಂಡಿದ್ದಾರೆ. ಇಬ್ಬರು ಮೊದಲು ಬೀಡಿ ಕಟ್ಟುತ್ತಿದ್ದರಂತೆ. ಒಬ್ಬರು, ಅವರೇ ಮುಂದಾಳು ಅನ್ನಿ, ಸೋಲಾರ್ ಫಿಟ್ಟಿಂಗ್ ಕೆಲಸದ ತರಬೇತಿ ಮುಗಿಸಿದ್ದಾರೆ. "ಹೆಂಗಸರು ಕರೆಂಟಿನ ಕೆಲಸ ಮಾಡ್ತಾರಾ?" ಅಂತ ನಮ್ಮ ಮನೆಯವರ ಅನುಮಾನ. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜಿನಲ್ಲಿ ಓದು ಬರಹ ಬಾರದ ಅಜ್ಜಿಯರೇ ಸೋಲಾರ್ ದೀಪದ ಸರ್ಕ್ಯೂಟ್ ಜೋಡಿಸುವುದನ್ನು ಕಲಿತು ಊರಿಗೆ ಬೆಳಕು ತಂದಿದ್ದಾರೆ, ನೀವು ಮಧ್ಯಾಹ್ನ ಹನ್ನೆರಡಕ್ಕೆ ಸೋಪು ಹಾಕಿದವರು ಸುಮ್ನಿರಿ ಅಂದೆ.

ಮೊದಲ ಸಲ ಬಂದದ್ದು ಬೆಳಿಗ್ಗೆ ಆರೂ ಕಾಲಿಗೆ. ಅತ್ತೆ ಇನ್ನೂ ಅಂಗಳಕ್ಕೆ ನೀರು ಹಾಕಿರಲಿಲ್ಲ. ಇಬ್ಬರು ಸೀರೆ ಮೇಲೆ ತುಂಬು ತೋಳಿನ ಗಂಡಸರ ಶರ್ಟ್ ಹಾಕಿಕೊಂಡು, ಸೆರಗು ಸಿಕ್ಕಿಸಿ, ಏಣಿ ಹತ್ತಿದರು. ಮುಂದಾಳು ನೇರ ಬ್ರಷ್ ಹಿಡಿಯಲಿಲ್ಲ. ಮೊದಲು ಇನ್ವರ್ಟರ್, ಅಂದರೆ ಪ್ಯಾನೆಲಿನ ಕರೆಂಟನ್ನು ಮನೆಗೆ ಹೊಂದುವ ಹಾಗೆ ಬದಲಿಸುವ ಪೆಟ್ಟಿಗೆ, ಅದರ ಹತ್ತಿರ ಹೋಗಿ ಸ್ವಿಚ್‌ಗಳನ್ನು ಆಫ್ ಮಾಡಿದರು. ಆಮೇಲೆ ಪ್ಯಾನೆಲ್ ಕೆಳಗೆ ಬಗ್ಗಿ ವೈರುಗಳನ್ನು ಕಣ್ಣಲ್ಲೇ ನೋಡಿದರು, ಇಲಿ ಕಡಿದಿದೆಯಾ, ಎಲ್ಲಾದರೂ ಜೋತು ಬಿದ್ದಿದೆಯಾ ಅಂತ. ಕೊನೆಗೆ ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಒಂದು ಬೆರಳು ಎಳೆದು ನನಗೆ ತೋರಿಸಿದರು. ಕರಿ ಕೆಸರು. ರಾತ್ರಿ ಬೀಳುವ ಇಬ್ಬನಿ ಮಸಿಯನ್ನೆಲ್ಲ ಕೆಳಕ್ಕೆ ಇಳಿಸಿಕೊಂಡು ಬರುತ್ತದೆ, ಅಲ್ಲಿ ಅಲ್ಯೂಮಿನಿಯಂ ಚೌಕಟ್ಟು ತಡೆಯುತ್ತದೆ, ಬಿಸಿಲು ಬಂದ ಮೇಲೆ ಅದು ಅಲ್ಲೇ ಗಟ್ಟಿಯಾಗುತ್ತದೆ. ದೂರದಿಂದ ನೋಡಿದರೆ ಪ್ಯಾನೆಲ್ ಕ್ಲೀನಾಗೇ ಕಾಣುತ್ತಿತ್ತು. ಆ ಎರಡು ಬೆರಳಗಲದ ಪಟ್ಟಿಯೇ ಬಿಸಿಲಿನಿಂದ ಕರೆಂಟ್ ಮಾಡುವ ಸೆಲ್‌ಗಳ ಕೆಳಗಿನ ಸಾಲನ್ನು ಮುಚ್ಚಿ ಕೂತಿತ್ತು.

"ಆರೂ ಒಂದೇ ಹಾರದಾಗೆ ಪೋಣಿಸಿದ್ದಾರೆ ಅಕ್ಕಾ, ಒಂದು ಮಂಕಾದ್ರೆ ಉಳಿದವನ್ನೂ ಜಗ್ಗುತ್ತೆ" ಅಂದರು. ಪಾರಿವಾಳದ ಹಿಕ್ಕೆ ಇನ್ನೂ ಕೆಟ್ಟದ್ದಂತೆ, ಅದು ಬಿದ್ದ ಜಾಗ ಬಿಸಿಯೇರಿ ಒಳಗಿನ ಸೆಲ್ ಸುಟ್ಟುಹೋಗಬಹುದು. ನಮ್ಮ ಮನೆಯವರ ಭಾನುವಾರದ ಕಾರ್ಯಕ್ರಮದ ಬಗ್ಗೆ ಹೇಳಿದಾಗ ಅವರು ನಗಲಿಲ್ಲ, ಅದು ನನಗೆ ಹಿಡಿಸಿತು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಸೋಪಿನ ಅಂಟಿಗೆ ಧೂಳು ಜಾಸ್ತಿ ಹಿಡಿಯುತ್ತದೆ, ಬೋರ್ ನೀರಿನ ಉಪ್ಪೇ ಆ ಬಿಳಿ ಕಲೆ ಅಂತ ಮೂರು ಮಾತಲ್ಲಿ ಮುಗಿಸಿದರು. ಇನ್ನೊಂದು ಮಾತು ಹೇಳಿದರು, ಅದನ್ನು ಎಲ್ಲರೂ ತಿಳಿದಿರಬೇಕು: ಬಿಸಿಲು ಇರುವ ತನಕ ಪ್ಯಾನೆಲ್ ಪೂರ್ತಿ ಆಫ್ ಆಗುವುದಿಲ್ಲ. ಕೆಳಗೆ ಸ್ವಿಚ್ ಆಫ್ ಮಾಡಿದರೂ ಮೇಲಿನ ವೈರಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಒದ್ದೆ ಕೈಯಲ್ಲಿ ನಡುಹಗಲು ಅಲ್ಲಿ ಕೈ ಹಾಕುವುದು ಆಟ ಅಲ್ಲ.

ಅರ್ಧ ಗಂಟೆ ಕೆಲಸ. ಆ ವಾರ 11.8, 12.1, 11.9 ಅಂತ ಆ್ಯಪ್‌ನಲ್ಲಿ ಬಂತು. ನಾನು ದಿನಾ ಸಂಜೆ ನೋಡುವುದು ಅದನ್ನೇ, ಧಾರಾವಾಹಿ ಬಿಟ್ಟು.

ಆದರೆ ನಾನು ಇದನ್ನು ಬರೆಯಲು ಕೂತದ್ದು ತೊಳೆದದ್ದಕ್ಕಲ್ಲ. ಎದುರು ಮನೆಯವರು ನಮ್ಮದನ್ನು ನೋಡಿ ತಾವೂ ಸೋಲಾರ್ ಹಾಕಿಸುತ್ತೇವೆ, ಯಾರಿಗೆ ಹೇಳಲಿ ಅಂತ ಈ ಹೆಂಗಸರನ್ನೇ ಕೇಳಿದರು. ಯಾವುದಾದರೂ ಏಜೆನ್ಸಿಯ ಹೆಸರು ಹೇಳಿದ್ದರೆ ಇವರಿಗೂ ಕಮಿಷನ್ ಸಿಗುತ್ತಿತ್ತು. ಮುಂದಾಳು ಹಿಂದಿನ ಬಿಲ್‌ಗಳನ್ನು ತರಿಸಿ ನೋಡಿದರು. ಗಂಡ ಹೆಂಡತಿ ಇಬ್ಬರೇ, ತಿಂಗಳಿಗೆ 90 ಯೂನಿಟ್ ಆಸುಪಾಸು. 2023ರಿಂದ ಗೃಹಜ್ಯೋತಿಯಲ್ಲಿ ಅವರ ಬಿಲ್ ಸೊನ್ನೆ. "ನಿಮಗೆ ಬೇಡ ಅಜ್ಜಾ. ಬಿಲ್ಲೇ ಬರ್ತಿಲ್ಲ, ಲಕ್ಷ ಹಾಕಿ ಏನ್ ಉಳಿಸ್ತೀರಿ? ಆ ದುಡ್ಡಲ್ಲಿ ತಾರಸಿ ಸೋರೋದು ರಿಪೇರಿ ಮಾಡಿಸಿ" ಅಂದುಬಿಟ್ಟರು. ನಮ್ಮ ಮನೆಯಲ್ಲಿ ಎಸಿ, ಗ್ರೈಂಡರ್, ಎರಡು ಫ್ರಿಜ್, ಗೃಹಜ್ಯೋತಿಯ ಮಿತಿಯಾದ 200 ಯೂನಿಟ್ ದಾಟುತ್ತಿತ್ತು, ಹಾಗಾಗಿ ನಮಗೆ ಲೆಕ್ಕ ಕೂಡಿಬಂತು. ಮಾರುವವರು ಯಾರೂ ಈ ವ್ಯತ್ಯಾಸ ಹೇಳಲ್ಲ, ಅಲ್ವಾ?

ಇನ್ನೊಂದು ನಮ್ಮ ಬೀದಿ ಕೊನೆಯ ಟೈಲರಮ್ಮನ ಕಥೆ. ಕರೆಂಟ್ ಹೋದರೆ ಮೋಟಾರ್ ಮಿಷನ್ ನಿಲ್ಲುತ್ತದೆ, ಹಬ್ಬದ ಹೊತ್ತಿಗೆ ಬ್ಲೌಸ್ ಕೊಡುವುದು ತಡ ಆಗುತ್ತದೆ, ಅದಕ್ಕೆ ಸೋಲಾರ್ ಬೇಕು ಅಂತ ಅವರ ಆಸೆ. ನಮಗೂ ಹಾಕಿಸುವ ತನಕ ಗೊತ್ತಿರಲಿಲ್ಲ, ಬ್ಯಾಟರಿ ಇಲ್ಲದ ನಮ್ಮಂಥ ಆನ್‌ಗ್ರಿಡ್ ಸೋಲಾರ್ ಬೆಸ್ಕಾಂ ಲೈನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುತ್ತಿರುವಾಗ ನಮ್ಮ ಮನೆಯಿಂದ ಕರೆಂಟ್ ಹರಿದು ಅವನಿಗೆ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಸರಿಯೇ, ಆದರೆ ನೆತ್ತಿ ಮೇಲೆ ಬಿಸಿಲಿದ್ದು, ತಾರಸಿ ಮೇಲೆ ಆರು ಪ್ಯಾನೆಲ್ ಇದ್ದು, ಫ್ಯಾನ್ ನಿಂತಾಗ ಅತ್ತೆ ನೋಡುವ ನೋಟ ಇದೆಯಲ್ಲ! ಟೈಲರಮ್ಮನಿಗೆ ಇವರು 3 ಕಿಲೋವ್ಯಾಟ್ ಬೇಡ ಅಂದರು. ಒಂದೇ ಪ್ಯಾನೆಲ್, ಒಂದು ಬ್ಯಾಟರಿ, ಮಿಷನ್ನಿಗೆ ಒಂದು ಲೈನ್, ಒಂದು ಲೈಟ್, ಒಂದು ಫ್ಯಾನ್, ಇಷ್ಟೇ. ಸೆಲ್ಕೋ ಅನ್ನುವ ಸೋಲಾರ್ ಕಂಪನಿಯವರು 1995ರಿಂದ ನಮ್ಮ ರಾಜ್ಯದಲ್ಲಿ ಮಾಡಿಕೊಂಡು ಬಂದಿರುವುದೂ ಇದೇ ದಾರಿ, ಮೊದಲು ಕಸುಬು ನೋಡಿ ಆಮೇಲೆ ಸೋಲಾರ್ ಅಳತೆ ಮಾಡುವುದು. ಈ ಸಲ ದುಗ್ಗಮ್ಮನ ಹಬ್ಬಕ್ಕೆ ನನ್ನ ಬ್ಲೌಸ್ ಹೇಳಿದ ದಿನವೇ ಬಂತು. ತೋಳು ಬಿಗಿ, ಅದಕ್ಕೆ ಸೋಲಾರ್ ಹೊಣೆ ಅಲ್ಲ.

ಇನ್ನು ನೀರು. ಇವರು ತೊಳೆಯಲು ನಮ್ಮ ಮನೆ ನೀರು ಕೇಳುವುದೇ ಇಲ್ಲ, 20 ಲೀಟರಿನ ಎರಡು ಕ್ಯಾನ್ ತಾವೇ ತರುತ್ತಾರೆ. ಅದು ಮಳೆ ನೀರು. ಅವರಲ್ಲಿ ಒಬ್ಬರ ಮನೆ ತಾರಸಿ ಸುಮಾರು 40 ಚದರ ಮೀಟರ್ ಇದೆ. 25 ಮಿ.ಮೀ. ಮಳೆ ಬಂದರೆ 1000 ಲೀಟರ್ ಅಂತ ಬಾಯಲ್ಲೇ ಲೆಕ್ಕ ಒಪ್ಪಿಸುತ್ತಾರೆ. ಮೊದಲ ಮಳೆ ಬಿಟ್ಟುಬಿಡುವುದು, ತಾರಸಿ ತೊಳೆದು ಹೋಗಲಿ ಅಂತ. ಆಮೇಲಿನದ್ದು ಜಲ್ಲಿ, ಮರಳು, ಇದ್ದಿಲಿನ ಡ್ರಮ್ಮಿನಲ್ಲಿ ಸೋಸಿ ತೊಟ್ಟಿಗೆ. 2023ರಲ್ಲಿ ಮಳೆ ಕೈಕೊಟ್ಟು ಭದ್ರಾ ತುಂಬದೆ, ಮುಂದಿನ ಬೇಸಿಗೆಯಲ್ಲಿ ನಾವು ನಲ್ಲಿಯ ಮುಂದೆ ಕಾದು ಕೂತಿದ್ದೆವಲ್ಲ, ಆಗ ಶುರು ಮಾಡಿದ್ದಂತೆ. ಡ್ಯಾಂ ತುಂಬಿ 186 ಅಡಿ ಮುಟ್ಟಿತಾ ಅಂತ ದಿನಾ ಪೇಪರ್ ನೋಡುವುದನ್ನು ಬಿಟ್ಟು ತಾರಸಿ ನೋಡಿ ಅಂತಾರೆ. ಈಗ ಮುಂಗಾರಿಗೆ ಮೊದಲು ಮನೆಮನೆಯ ಮಳೆ ನೀರಿನ ಡ್ರಮ್ ಬಿಚ್ಚಿ ತೊಳೆದುಕೊಡುವ ಕೆಲಸವನ್ನೂ ಹಿಡಿದಿದ್ದಾರೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಯ್ತು.

ಸರಿ, ಬರೀ ಹೊಗಳಿದರೆ ಅವರ ಕಡೆಯವಳು ಅಂದುಕೊಳ್ಳುತ್ತೀರಿ. ಹೇಳಿದ ದಿನ ಬರುವುದು ಗ್ಯಾರಂಟಿ ಇಲ್ಲ. ಒಬ್ಬರ ಮಗುವಿಗೆ ಜ್ವರ ಬಂದರೆ ಆ ವಾರದ ಪಟ್ಟಿ ಎಲ್ಲ ಮುಂದಕ್ಕೆ. ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಕೇಳಿದರೆ ಮೂರು ನಿಮಿಷದ ವಾಯ್ಸ್ ಮೆಸೇಜ್ ಬರುತ್ತದೆ, ಅದರಲ್ಲಿ ಅರ್ಧ ಕುಕ್ಕರ್ ಸೀಟಿ. ರಸೀದಿ ಕೊಡುವ ಅಭ್ಯಾಸ ಇಲ್ಲ, ಕೇಳಿದರೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಡುತ್ತಾರೆ. ಬೇಸಿಗೆಯಲ್ಲಿ ಒಂದು ಸಲ ಏಣಿ ತಿರುಗಿಸುವಾಗ ಅತ್ತೆ ಒಣಹಾಕಿದ್ದ ಸಂಡಿಗೆ ಮೇಲೆ ಬೀಳಿಸಿದರು. ಆ ದಿನದ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ. ಇನ್ವರ್ಟರ್ ಕೆಟ್ಟರೆ ಮುಟ್ಟುವುದಿಲ್ಲ, ಕಂಪನಿಯವರನ್ನೇ ಕರೆಸಿ ಅಂತಾರೆ, ವಾರಂಟಿ ಹೋಗುತ್ತದೆ ಅಂತ. ಅದು ಸರಿಯೇ, ಆದರೆ ಕಂಪನಿಯವರು ಫೋನ್ ಎತ್ತಬೇಕಲ್ಲ!

ಆರು ಪ್ಯಾನೆಲಿಗೆ ಒಂದು ಸಲಕ್ಕೆ 350 ರೂಪಾಯಿ. ನಾನು ಮೊದಲ ಸಲ ಚೌಕಾಸಿ ಮಾಡಿದ್ದೆ, 300 ಮಾಡ್ಕೊಳ್ಳಿ ಅಂತ. ಏಣಿ ಹತ್ತೋದು ನಾವು ಅಕ್ಕಾ ಅಂದರು. ಆಮೇಲೆ ಬಾಯಿ ಮುಚ್ಚಿಕೊಂಡು ಕೊಡುತ್ತಿದ್ದೇನೆ. ಬೇಸಿಗೆಯಲ್ಲಿ 20 ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ ಅಂತ ಅವರಾಗೇ ಬರುವುದಿಲ್ಲ. ಸರ್ಕಾರ 1 ಕೋಟಿ ಮನೆಗೆ ಸೋಲಾರ್ ಹಾಕಿಸುವ ಗುರಿ ಇಟ್ಟುಕೊಂಡಿದೆಯಲ್ಲ, ಆ ಮಾತು ಬಂದಾಗ ಮುಂದಾಳು, "ಹಾಕೋರು ಸಿಗ್ತಾರೆ ಅಕ್ಕಾ, ತೊಳೆಯೋಕೆ ಬರೋರನ್ನ ಯಾರು ಲೆಕ್ಕ ಹಾಕಿದ್ದಾರೆ" ಅಂದಿದ್ದರು, ಬ್ರಷ್ ಹಿಂಡುತ್ತಾ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಸಂಡಿಗೆಗೆ ಕಡಿತ, ಅತ್ತೆಯ ಒತ್ತಾಯ. ಸೋಮವಾರ ಫೋನ್ ಮಾಡಬೇಡಿ, ಅವತ್ತು ಸಂಘದ ಸಭೆ. ಅತ್ತೆ ಕೋಪ ಈಗ ಇಳಿದಿದೆ ಅನ್ನಿ. ಕಳೆದ ಸಲ ಕ್ಯಾನಿನಲ್ಲಿ ಉಳಿದಿದ್ದ ಮಳೆ ನೀರಲ್ಲಿ ಬೇಳೆ ಬೇಯಿಸಿ ನೋಡಿದರು, ಬೋರ್ ನೀರಲ್ಲಿ ಐದು ಸೀಟಿ ಬೇಕಾಗಿದ್ದ ಬೇಳೆ ಮೂರಕ್ಕೇ ಕರಗಿಹೋಯ್ತು. ಮುಂದಿನ ಸಲ ಒಂದು ಕ್ಯಾನ್ ಜಾಸ್ತಿ ತರೋಕೆ ಹೇಳಿದ್ದಾರೆ. ಅದಕ್ಕೆ ಬೇರೆ ದುಡ್ಡು ಕೇಳ್ತಾರೋ ಏನೋ.