ಬಸುರಿಗೆ ಮಸಾಜ್: ಮನೆಯಲ್ಲೋ, ಆಯುರ್ವೇದ ಕೇಂದ್ರದಲ್ಲೋ?

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆ ಬಸುರಿಗೆ ಎಣ್ಣೆ ತಿಕ್ಕಿಸುವುದಕ್ಕೆ ಎರಡು ದಾರಿ: ಮನೆಗೆ ಬಂದು ಬಾಣಂತಿ ಮೀಯಿಸುವ ಅಕ್ಕ, ಇಲ್ಲವೇ ಪೇಟೆಯ ಆಯುರ್ವೇದ ಕೇಂದ್ರ. ಸೊಂಟನೋವು ತುಸು ಇಳಿಯುವುದು, ನಿದ್ದೆ ಹತ್ತುವುದು ಎರಡರಲ್ಲೂ ಆಗಬಹುದು.

ಮನೆಯಲ್ಲಿ ಖರ್ಚು ಕಡಿಮೆ, ಬಸ್ಸಿನ ಕುಲುಕಾಟವಿಲ್ಲ, ಮನೆಯ ತೆಂಗಿನೆಣ್ಣೆಯೇ ಸಾಕು. ಆದರೆ ಆ ಅಕ್ಕನ ಕೈ ಪಳಗಿದ್ದು ಹೆರಿಗೆ ಆದ ಮೈಗೆ. ಹೊಟ್ಟೆ ಒತ್ತಿ ತಿಕ್ಕುವುದು ಈಗ ಬೇಡವೇ ಬೇಡ. ಮೀನಖಂಡವನ್ನೂ ಜೋರಾಗಿ ಅಮುಕಬಾರದು. ಯಾಕೆಂದರೆ ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಕೇಂದ್ರಕ್ಕೆ ಹೋದರೆ ಮೊದಲು ಕೇಳಿ: "ನನ್ನನ್ನು ಹೇಗೆ ಮಲಗಿಸುತ್ತೀರಿ?" ಐದು ತಿಂಗಳು ದಾಟಿದವರಿಗೆ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬಿಟ್ಟು ಅಂದರೆ ಅವರು ಗೊತ್ತಿರುವವರು. ಅಂಗಾತ ಮಲಗಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿಹೋಗಿ ತಲೆ ಸುತ್ತಬಹುದು. ಹಬೆಪೆಟ್ಟಿಗೆಯಲ್ಲಿ ಕೂರಿ ಅಂದರೆ ಬೇಡ ಅನ್ನಿ.

ಬಸುರಿಯರ ಮಸಾಜ್‌ನಲ್ಲಿ ತರಬೇತಿ ಪಡೆದವರಿದ್ದರೆ ನಾನು ಕೇಂದ್ರವನ್ನೇ ಆರಿಸುತ್ತೇನೆ. ಇಲ್ಲವಾದರೆ ಮನೆಯಲ್ಲೇ ಬೆನ್ನು, ಭುಜ, ಪಾದಕ್ಕೆ ಹಗುರಾಗಿ ತಿಕ್ಕಿಸಿಕೊಂಡರೆ ಸಾಕು. ರಕ್ತಸ್ರಾವ, ಬಿಪಿ ಜಾಸ್ತಿ, ಒಂದೇ ಕಾಲಿನಲ್ಲಿ ಊತ ಇದ್ದರೆ ಎರಡೂ ಬೇಡ; ಮೊದಲು ಡಾಕ್ಟರ ಹತ್ತಿರ ಹೋಗಿ.